ಜುಗಾರಿಯ ಸಾಲ ಕಟ್ಟುವವರು ಯಾರು?

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಗುಂಪಿನ ಸದಸ್ಯೆಯರು ಮತ್ತು ಊರವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಹಕಾರಿ ಬ್ಯಾಂಕಿನಲ್ಲಿ ಚಿನ್ನ ನೋಡುವುದು ನನ್ನ ಕೆಲಸವಾಗಿತ್ತು. ಅಡವಿಡಲು ತಂದ ಒಡವೆಯನ್ನು ಒರೆಗಲ್ಲಿಗೆ ಉಜ್ಜುವುದು, ಆಸಿಡ್ ಹಾಕಿ ನೋಡುವುದು, ತೂಗುವುದು, ಕಲ್ಲು-ಅರಗಿನ ತೂಕ ಕಳೆದು ಚೀಟಿ ಬರೆಯುವುದು. ಜುಗಾರಿಯ, ಅಂದರೆ ಜೂಜಿನ ಬಗ್ಗೆ ಮಾತಾಡಲಿಕ್ಕೆ ಇವರನ್ನು ಯಾಕೆ ಕರೆದರು ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಜುಗಾರಿ ಆಡುವ ಜಾಗ ನಾನು ನೋಡಿದ್ದು ಕಡಿಮೆ. ಅಲ್ಲಿ ಹಾಕುವ ದುಡ್ಡು ಯಾರ ಮನೆಯಿಂದ, ಯಾರ ಕುತ್ತಿಗೆಯಿಂದ ಬರುತ್ತದೆ ಅನ್ನುವುದನ್ನು ಮಾತ್ರ ಆ ಕೌಂಟರಿನಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದೇನೆ. ಅದನ್ನೇ ಇವತ್ತು ಹೇಳುತ್ತೇನೆ. ಯಾರ ಹೆಸರೂ ಹೇಳುವುದಿಲ್ಲ. ಗುರುತು ಸಿಗುವ ಹಾಗೂ ಹೇಳುವುದಿಲ್ಲ.

ನಮ್ಮ ಕಡೆ ಚಿನ್ನ ಅಡವಿಡುವುದು ನಾಚಿಕೆಯ ವಿಷಯ ಅಲ್ಲ. ಅದಕ್ಕೊಂದು ಕಾಲ ಉಂಟು. ಜೂನ್ ಬಂತು ಅಂದರೆ ಶಾಲೆ, ಕಾಲೇಜು. ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ತೋಟಕ್ಕೆ ಮದ್ದು ಬಿಡಬೇಕು, ಮೈಲುತುತ್ತು ತರಬೇಕು, ಮರ ಹತ್ತುವವರಿಗೆ ಕೂಲಿ ಕೊಡಬೇಕು. ಮದುವೆ, ಬಾಣಂತನ, ಮಂಗಳೂರಿನ ಆಸ್ಪತ್ರೆ, ಹೀಗೆ ಒಂದಲ್ಲ ಒಂದು. ಅಡಿಕೆ ಮಾರಿದ ಮೇಲೆ, ಇಲ್ಲವೇ ಗಲ್ಫಿನಿಂದ ದುಡ್ಡು ಬಂದ ಮೇಲೆ ಬಿಡಿಸಿಕೊಂಡು ಹೋಗುತ್ತಾರೆ. ಹೆಚ್ಚಾಗಿ ಗಂಡ ಹೆಂಡತಿ ಒಟ್ಟಿಗೇ ಬರುತ್ತಾರೆ. ಬಡ್ಡಿ ಎಷ್ಟು, ಯಾವಾಗ ಕಟ್ಟಬೇಕು ಅಂತ ಕೇಳಿ ಕೇಳಿ ತಿಳಿದುಕೊಳ್ಳುತ್ತಾರೆ.

ಜುಗಾರಿಯ ಅಡವಿಗೆ ಕಾಲ ಇಲ್ಲ. ಗಂಡಸು ಒಬ್ಬನೇ ಬರುತ್ತಾನೆ. ಮೊದಲು ಒಂದು ಉಂಗುರ. ವಾರದೊಳಗೆ ಮಗುವಿನ ಬಳೆ. ಆಮೇಲೆ ಹೆಂಡತಿಯ ಬೆಂಡೋಲೆ. ಬಡ್ಡಿ ಕೇಳುವುದಿಲ್ಲ. 'ಅಕೌಂಟಿಗೆ ಎಷ್ಟು ಹೊತ್ತಿಗೆ ಬರ್ತದೆ?' ಅನ್ನುವುದೊಂದೇ ಪ್ರಶ್ನೆ. ನಾನು ಒರೆ ಹಚ್ಚುವಾಗಲೂ ಅವನ ಕಣ್ಣು ಫೋನಿನಲ್ಲೇ ಇರುತ್ತದೆ. ಒಮ್ಮೊಮ್ಮೆ ಬೆಳಿಗ್ಗೆ ಇಟ್ಟ ಒಡವೆಯನ್ನು ಮರುದಿನವೇ ಬಿಡಿಸಿಕೊಳ್ಳಲು ಬರುತ್ತಾನೆ. ಮುಖದಲ್ಲಿ ನಗು, ಮಾತು ಜೋರು. ನನಗೆ ಜಾಸ್ತಿ ಹೆದರಿಕೆ ಆಗುತ್ತಿದ್ದದ್ದು ಅಂಥ ದಿನಗಳಲ್ಲೇ. ಗೆದ್ದವನು ಮತ್ತೆ ಬರುತ್ತಾನೆ. ಬರುವಾಗ ಮೊದಲಿಗಿಂತ ದೊಡ್ಡ ಒಡವೆ ತರುತ್ತಾನೆ.

ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಮಗನಿಗೆ ಕಾಲೇಜಿಗೆ ಸೀಟು ಸಿಕ್ಕಿತ್ತು. ಫೀಸು ಕಟ್ಟಲು ಕರಿಮಣಿ ಸರವನ್ನೇ ತಂದಿದ್ದರು. ಕೌಂಟರಿನ ಎದುರೇ ಕುತ್ತಿಗೆಯಿಂದ ಬಿಚ್ಚಿ ಕೊಟ್ಟರು. ಕೈಗೆ ಬಂದ ಕೂಡಲೇ ತೂಕದಲ್ಲಿ ಏನೋ ವ್ಯತ್ಯಾಸ ಅನಿಸಿತು. ಒರೆಗಲ್ಲಿಗೆ ಉಜ್ಜಿದೆ. ಹಳದಿ ಗೆರೆ ಬಂತು. ಅದರ ಮೇಲೆ ಆಸಿಡ್ಡಿನ ಕಡ್ಡಿ ಇಟ್ಟೆ. ಒಳ್ಳೆ ಚಿನ್ನದ ಗೆರೆಯಾದರೆ ಹಾಗೇ ನಿಲ್ಲುತ್ತದೆ. ಇದು ಹಸಿರಾಗಿ ನೊರೆ ಬಂದು ಮಾಯವಾಯಿತು. 'ಇನ್ನೊಮ್ಮೆ ಉಜ್ಜಿ ನೋಡಿ ಅಣ್ಣಾ' ಅಂದರು. ಇನ್ನೊಂದು ಕಡೆ ಉಜ್ಜಿದೆ. ಅದೂ ಹೋಯಿತು. ಮದುವೆಯ ದಿನದಿಂದ ಹಾಕಿದ ಸರ. ಯಾವಾಗ ಬದಲಾಯಿತು ಅಂತ ಅವರಿಗೇ ಗೊತ್ತಿಲ್ಲ. ಯಾರು ಬದಲಾಯಿಸಿದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದೇ ರೋಲ್ಡ್ ಗೋಲ್ಡ್ ಸರವನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡರು. ಬೋಳು ಕುತ್ತಿಗೆಯಲ್ಲಿ ಬಸ್ಸು ಹತ್ತಿದರೆ ನೋಡಿದವರು ಕೇಳುತ್ತಾರಲ್ಲ. ಆ ಮನೆಯಲ್ಲಿ ಫೋನಿನ ರಮ್ಮಿ ಎರಡು ವರ್ಷದಿಂದ ನಡೆಯುತ್ತಿತ್ತು ಅಂತ ನನಗೆ ಆಮೇಲೆ ತಿಳಿಯಿತು.

ಆ ಹೆಂಗಸು ಒಂದು ದಿನವೂ ಆಡಿದವರಲ್ಲ. ಸೋತದ್ದು ಯಾರು? ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಉಳಿದದ್ದನ್ನು ಕೇಳಿ.

ನಮ್ಮ ಊರಿನ ಜುಗಾರಿ ನಿಮಗೆ ಹೊಸತಲ್ಲ. ಜಾತ್ರೆಯ ಬದಿಯಲ್ಲಿ, ಗುಡ್ಡೆಯ ಮರೆಯಲ್ಲಿ ಇಸ್ಪೀಟು ಹಾಕಿ ಉಲಾಯಿ-ಪಿದಾಯಿ ಆಡುತ್ತಾರೆ. ಪುಳ್ಳಿಮುರಿ ಅನ್ನುವ ಇಸ್ಪೀಟಿನ ಜೂಜು ಉಂಟು. ಕೋಳಿ ಅಂಕ ಉಂಟು. ಕೋಳಿ ಅಂಕ ನಮ್ಮ ಸಂಪ್ರದಾಯ ಅಂತ ವಾದ ಮಾಡುವವರು ನಿಮ್ಮಲ್ಲೂ ಇರಬಹುದು. ಕೋಲ, ನೇಮದ ಮೇಲೆ ನನಗೂ ಭಕ್ತಿ ಉಂಟು. ಆದರೆ ಹುಂಜದ ಕಾಲಿಗೆ ಕಟ್ಟಿದ ಸಣ್ಣ ಕತ್ತಿಯ ಮೇಲೆ ಸಾವಿರಗಟ್ಟಲೆ ಪಂಥ ಕಟ್ಟುವುದಕ್ಕೆ ದೈವದ ಹೆಸರು ಬೇಡ. ಅದು ಪ್ರಾಣಿ ಹಿಂಸೆಯ ಕಾನೂನಿಗೂ ವಿರುದ್ಧ, 1960ರ ಕೇರಳ ಗೇಮಿಂಗ್ ಕಾನೂನಿಗೂ ವಿರುದ್ಧ.

ಲಾಟರಿಯ ಬಗ್ಗೆ ಸ್ವಲ್ಪ ಜಾಗ್ರತೆಯಿಂದ ಮಾತಾಡಬೇಕು. ಕೇರಳ ಸರಕಾರ ಲಾಟರಿ ಶುರುಮಾಡಿದ್ದು 1967ರಲ್ಲಿ. ಮೊದಲ ಡ್ರಾ 1968ರ ಜನವರಿ 26ಕ್ಕೆ. ಆಗ ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ತಮಿಳುನಾಡು 2003ರಲ್ಲಿ, ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದವು. ಇಲ್ಲಿ ಮುಂದುವರಿಯಿತು. ಕರ್ನಾಟಕದಿಂದ ಗಡಿಯ ತಲಪಾಡಿ ದಾಟಿ ಬಂದು ಟಿಕೆಟ್ ತೆಗೆದುಕೊಂಡು ಹೋಗುವವರನ್ನು ನೀವು ನೋಡಿಯೇ ಇದ್ದೀರಿ. ಲಾಟರಿ ಮಾರಿ ಬದುಕುವ ಅಂಗವಿಕಲರು, ವಯಸ್ಸಾದವರು ನಮ್ಮ ಪೇಟೆಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಲಾಟರಿ ಲಾಭದಿಂದ ಬಡವರ ಚಿಕಿತ್ಸೆಗೆ ದುಡ್ಡು ಸಿಕ್ಕಿದ್ದೂ ನಿಜ. ಓಣಂ ಬಂಪರಿಗೆ ವರ್ಷಕ್ಕೊಮ್ಮೆ ನಾಲ್ಕು ಮಂದಿ ಸೇರಿ ಒಂದು ಟಿಕೆಟ್ ತೆಗೆಯುವವರಿಗೆ ನಾನೇನೂ ಹೇಳುವುದಿಲ್ಲ.

ನನಗೆ ಚಿಂತೆ ಇರುವುದು ದಿನಾ ತೆಗೆಯುವವರದ್ದು. ಈಗ ಟಿಕೆಟಿಗೆ 50 ರೂಪಾಯಿ. ದಿನಕ್ಕೆ ನಾಲ್ಕು ತೆಗೆದರೆ ಇನ್ನೂರು, ತಿಂಗಳಿಗೆ ಆರು ಸಾವಿರ. ಕೂಲಿಗೆ ಹೋಗುವವನ ಮನೆಯ ಒಂದು ತಿಂಗಳ ಅಕ್ಕಿ, ಹಾಲು, ಕರೆಂಟು ಬಿಲ್ಲು ಅದರಲ್ಲಿ ಆಗುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಡ್ರಾ. ಮೂರರ ತನಕ ಕೆಲಸದಲ್ಲಿ ಮನಸ್ಸಿಲ್ಲ, ಮೂರರ ನಂತರ ಮಾತಾಡುವ ಮನಸ್ಸಿಲ್ಲ. ಇಂಥ ಒಬ್ಬರನ್ನಾದರೂ ನೀವು ಬಲ್ಲಿರಿ, ಅಲ್ವಾ?

ಆ ಡ್ರಾದ ಬಾಲ ಹಿಡಿದುಕೊಂಡು ಇನ್ನೊಂದು ದಂಧೆ ನಡೆಯುತ್ತದೆ. ಸರಕಾರಿ ಲಾಟರಿಯ ಫಲಿತಾಂಶದ ಕೊನೆಯ ಮೂರು ಅಂಕೆ ಯಾವುದು ಅಂತ ಮೊದಲೇ ಬರೆಸುವುದು. ಕಾನೂನಿಗೆ ವಿರುದ್ಧವಾದ ಆಟ. ಇದರಲ್ಲಿ ಟಿಕೆಟ್ ಇಲ್ಲ, ರಶೀದಿ ಇಲ್ಲ. ಮೊದಲು ಚೀಟಿ, ಈಗ ವಾಟ್ಸಾಪು. ಇದರ ಲೆಕ್ಕ ಒಮ್ಮೆ ಹಾಕಿ ನೋಡೋಣ. 000ದಿಂದ 999ರ ತನಕ ಒಟ್ಟು ಸಾವಿರ ನಂಬರು. ಹತ್ತು ರೂಪಾಯಿ ಹಾಕಿದವನಿಗೆ ಹೊಡೆದರೆ ಐದು ಸಾವಿರ ಕೊಡುತ್ತೇನೆ ಅಂತ ಬರೆಸಿಕೊಳ್ಳುವವನು ಹೇಳಿದ ಅಂತ ಇಟ್ಟುಕೊಳ್ಳಿ. ಸಾವಿರ ನಂಬರಿಗೂ ಒಬ್ಬೊಬ್ಬ ಹತ್ತು ರೂಪಾಯಿ ಹಾಕಿದರೆ ಅವನ ಕೈಗೆ ಬಂದದ್ದು ಹತ್ತು ಸಾವಿರ. ಕೊಟ್ಟದ್ದು ಐದು ಸಾವಿರ. ಅರ್ಧ ಅವನ ಜೇಬಿಗೆ. ಯಾವ ನಂಬರು ಬಂದರೂ ಅವನಿಗೆ ನಷ್ಟ ಇಲ್ಲ. ದಿನಾ ಆಡುವವನ ದುಡ್ಡು ಅರ್ಧರ್ಧವಾಗಿ ಕರಗುತ್ತಾ ಹೋಗಲೇಬೇಕು. ಇದರಲ್ಲಿ ಜಾತಕವೂ ಇಲ್ಲ, ಅದೃಷ್ಟವೂ ಇಲ್ಲ, ಬರೀ ಭಾಗಾಕಾರ. ನಿಮ್ಮ ಮಕ್ಕಳಿಗೆ ಈ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದು ತೋರಿಸಿ. ಏಳನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ.

ಲೆಕ್ಕ ಇಷ್ಟು ಸುಲಭ ಇದ್ದರೂ ಬುದ್ಧಿ ಇರುವವರೇ ಯಾಕೆ ಬೀಳುತ್ತಾರೆ? ಇದನ್ನು ತಿಳಿಯಲು ನಾನು ಡಾಕ್ಟರುಗಳ ಜೊತೆ ಮಾತಾಡಿದೆ, ಓದಿದೆ. ಮುಖ್ಯ ಕಾರಣ, ಬಹುಮಾನ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದೆ ಇರುವುದು. ತಿಂಗಳಿಗೊಮ್ಮೆ ಸರಿಯಾಗಿ ಬರುವ ಸಂಬಳಕ್ಕೆ ಯಾರೂ ಹುಚ್ಚು ಹಿಡಿಸಿಕೊಳ್ಳುವುದಿಲ್ಲ. ಬಂದರೂ ಬಂತು, ಬಾರದಿದ್ದರೂ ಬಾರದು ಅನ್ನುವಂಥದ್ದು ಮನಸ್ಸನ್ನು ಜಾಸ್ತಿ ಎಳೆಯುತ್ತದೆ. ಇನ್ನೊಂದು, ಸ್ವಲ್ಪದರಲ್ಲಿ ತಪ್ಪಿತು ಅನ್ನುವ ಭಾವನೆ. 'ಒಂದೇ ನಂಬರಿಗೆ ಹೋಯ್ತು ಮಾರಾಯ್ರೇ!' ಈ ಮಾತು ಕೇಳದವರು ಇಲ್ಲಿ ಯಾರಿದ್ದಾರೆ? ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ ಸಂಶೋಧಕರ ಪ್ರಕಾರ, ಹೀಗೆ ಕೂದಲೆಳೆಯಲ್ಲಿ ತಪ್ಪಿದಾಗಲೂ ಗೆದ್ದಾಗ ಎಚ್ಚರವಾಗುವ ಭಾಗಗಳೇ ಎಚ್ಚರವಾಗುತ್ತವೆ. ಅಂದರೆ ಸೋತಿದ್ದೂ ಗೆಲುವಿನ ರುಚಿ ಕೊಡುತ್ತದೆ. ನಿಜ ಹೇಳಬೇಕೆಂದರೆ 436ಕ್ಕೂ 437ಕ್ಕೂ ಹತ್ತಿರ ಅನ್ನುವುದು ಇಲ್ಲ. 437 ಬಂದ ದಿನ 436 ಬರೆಸಿದವನೂ 002 ಬರೆಸಿದವನೂ ಸೋತದ್ದು ಒಂದೇ ಅಳತೆಯಲ್ಲಿ.

ಆಮೇಲೆ ಬರುವುದು ಹೋದದ್ದನ್ನು ವಾಪಸ್ ತರುವ ಹಟ. ಐದು ಸಾವಿರ ಹೋಯಿತು, ಹತ್ತು ಸಾವಿರ ಹಾಕಿ ಅದನ್ನು ತರುತ್ತೇನೆ. ಈ ಹಂತಕ್ಕೆ ಬಂದವನು ಖುಷಿಗೆ ಆಡುತ್ತಿರುವುದಿಲ್ಲ. ಹೆಂಡತಿಗೆ ಗೊತ್ತಾಗುವ ಮೊದಲು ಬಳೆಯನ್ನು ಕಪಾಟಿನಲ್ಲಿ ಇಡಬೇಕು ಅಂತ ಆಡುತ್ತಿರುತ್ತಾನೆ. ಅವನ ಮನಸ್ಸಿನಲ್ಲಿ ಅದು ಮನೆ ಉಳಿಸುವ ಕೆಲಸ. ನನ್ನ ಎದುರು ಕೂತು ಅತ್ತ ಗಂಡಸರಿದ್ದಾರೆ. ಅವರು ಕೆಟ್ಟವರು ಅಂತ ನನಗೆ ಒಮ್ಮೆಯೂ ಅನಿಸಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹೊಸ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಜೂಜಿನ ಚಟವನ್ನು ಕುಡಿತ, ಡ್ರಗ್ಸಿನ ಚಟಗಳ ಸಾಲಿನಲ್ಲೇ ಇಟ್ಟಿದ್ದಾರೆ. ಲಕ್ಷಣ ಅಂತ ಮುಖ್ಯವಾಗಿ ಹೇಳುವುದು ಇಷ್ಟು. ಯಾವಾಗ ಶುರು, ಯಾವಾಗ ನಿಲ್ಲಿಸುವುದು ಅನ್ನುವ ಹಿಡಿತ ತಪ್ಪಿರುತ್ತದೆ. ಊಟ, ಕೆಲಸ, ಮಕ್ಕಳು ಎಲ್ಲಕ್ಕಿಂತ ಆಟವೇ ಮುಂದೆ ಬರುತ್ತದೆ. ಹಾಳಾಗುತ್ತಿರುವುದು ಕಣ್ಣಿಗೆ ಕಂಡರೂ ಬಿಡಲಾಗುವುದಿಲ್ಲ. ಇನ್ನೊಂದು ಸಣ್ಣ ವಿಷಯ, ಮನೆಯಲ್ಲಿ ಹಿರಿಯರಿದ್ದವರು ನೆನಪಿಟ್ಟುಕೊಳ್ಳಿ. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕೆಲವರಿಗೆ ಹೊಸದಾಗಿ ಜೂಜಿನ ತುಡಿತ ಬರುವುದುಂಟು. ಹಾಗೇನಾದರೂ ಕಂಡರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ಹೇಳಿ. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಅಜ್ಜನಿಗೂ ಬರಬಹುದಾದದ್ದನ್ನು ಬರೀ 'ಬುದ್ಧಿ ಕೆಟ್ಟಿದೆ' ಅಂತ ಹೇಳಿ ಮುಗಿಸಲಾಗುತ್ತದಾ?

ಫೋನು ಬಂದ ಮೇಲೆ ಎಲ್ಲವೂ ಬದಲಾಯಿತು. ಮೊದಲೆಲ್ಲ ಜುಗಾರಿಗೆ ಹೋಗಬೇಕಾದರೆ ಗುಡ್ಡೆ ಹತ್ತಬೇಕಿತ್ತು, ಊರವರ ಕಣ್ಣು ತಪ್ಪಿಸಬೇಕಿತ್ತು, ಪೊಲೀಸರ ಹೆದರಿಕೆ ಇತ್ತು. ಜೇಬಿನ ದುಡ್ಡು ಮುಗಿದರೆ ಆಟ ಮುಗಿಯುತ್ತಿತ್ತು. ಈಗ ಮಗು ಬದಿಯಲ್ಲಿ ಮಲಗಿರುವಾಗಲೇ ಚಾದರದೊಳಗೆ ಆಡಬಹುದು. ವಿಮಾನ ಮೇಲೇರುವ ಆಟ, ಕೆಂಪೋ ಹಸಿರೋ ಅಂತ ಹೇಳುವ ಆಟ, ರಮ್ಮಿ, ಕ್ರಿಕೆಟಿನ ಒಂದೊಂದು ಬಾಲಿಗೂ ಪಂಥ. ಒಂದು ಆಟಕ್ಕೆ ನಿಮಿಷವೂ ಬೇಡ. ದುಡ್ಡು ಮುಗಿದರೆ ಅದೇ ಫೋನಿನಲ್ಲಿ ಸಾಲದ ಆ್ಯಪು. ಸಾಲ ಕಟ್ಟಲು ತಡವಾದರೆ ನಿಮ್ಮ ಫೋನಿನಲ್ಲಿರುವ ಎಲ್ಲ ನಂಬರಿಗೂ ಕರೆ, ಬೈಗುಳ, ತಿದ್ದಿದ ಫೋಟೋ. ಹೆಂಗಸರು ಇದರಿಂದ ಹೊರಗೆ ಅಂತ ತಿಳಿಯಬೇಡಿ. ಮಧ್ಯಾಹ್ನ ಒಬ್ಬರೇ ಮನೆಯಲ್ಲಿರುವಾಗ ಶುರುಮಾಡಿ ಸಿಕ್ಕಿಬಿದ್ದ ಅಕ್ಕ-ತಂಗಿಯರೂ ನನ್ನ ಕೌಂಟರಿಗೆ ಬಂದಿದ್ದಾರೆ. ಅವರ ಹೆದರಿಕೆ ಇನ್ನೂ ಜಾಸ್ತಿ.

ಕಾನೂನು ಇಷ್ಟು ದಿನ ಓಡಾಡುತ್ತಲೇ ಇತ್ತು. ಕೇರಳ ಸರಕಾರ 2021ರ ಫೆಬ್ರವರಿಯಲ್ಲಿ ದುಡ್ಡಿನ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ರಮ್ಮಿ ಕೌಶಲದ ಆಟ ಅಂತ ಹೈಕೋರ್ಟು ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಕರ್ನಾಟಕದ ಕಾನೂನೂ 2022ರಲ್ಲಿ ಕೋರ್ಟಿನಲ್ಲಿ ಬಿತ್ತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದು ಕಾನೂನು ಮಾಡಿತು. ಕೌಶಲವೋ ಅದೃಷ್ಟವೋ, ದುಡ್ಡು ಹಾಕಿ ಆಡುವ ಆನ್‌ಲೈನ್ ಆಟ ನಡೆಸುವುದೇ ಅಪರಾಧ. ನಡೆಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ ಉಂಟು. ಆಡಿ ಸೋತವನಿಗೆ ಶಿಕ್ಷೆ ಇಲ್ಲ. ಇದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಕೌಶಲ ಅನ್ನುವ ವಾದ ಕೋರ್ಟಿನಲ್ಲಿ ನಡೆಯಲಿ, ಬರಿದಾದ ಕಪಾಟಿನ ಮುಂದೆ ಅದಕ್ಕೆ ಅರ್ಥ ಇಲ್ಲ. ಕಾನೂನು ಬಂತು ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಹೊರದೇಶದಿಂದ ನಡೆಸುವ ಆ್ಯಪುಗಳು ಟೆಲಿಗ್ರಾಮಿನ ಲಿಂಕಿನಲ್ಲಿ ಬರುತ್ತಲೇ ಇವೆ.

ಈಗ ಮನೆಯೊಳಗೆ ಬರೋಣ. ಜೂಜಿನ ಚಟ ಇರುವ ಒಬ್ಬನಿಂದ ಸರಾಸರಿ ಇನ್ನು ಆರು ಮಂದಿಗೆ ತೊಂದರೆ ಆಗುತ್ತದೆ ಅಂತ ಆಸ್ಟ್ರೇಲಿಯಾದಲ್ಲಿ ಮಾಡಿದ ಒಂದು ಅಧ್ಯಯನ ಹೇಳುತ್ತದೆ. ನಮ್ಮ ಕೂಡು ಮನೆಗಳಲ್ಲಿ ಆರು ಮಂದಿಯನ್ನು ಹುಡುಕಲು ಕಷ್ಟವಿಲ್ಲ. ಅಮ್ಮ ಬೀಡಿ ಕಟ್ಟುತ್ತಾರೆ. ಮೊರದಂಥ ಸೂಪು ತೊಡೆಯ ಮೇಲೆ ಇಟ್ಟುಕೊಂಡು ಬೆಳಗಿನಿಂದ ರಾತ್ರಿಯ ತನಕ ಕಟ್ಟಿ, ಬೀಡಿ ಬ್ರಾಂಚಿಗೆ ಕೊಟ್ಟು, ಸ್ವಲ್ಪ ಸ್ವಲ್ಪ ಉಳಿಸಿ ಸೊಸೈಟಿಯಲ್ಲಿ ಡಿಪಾಸಿಟ್ ಇಟ್ಟಿರುತ್ತಾರೆ. ಮಗ ಬಂದು 'ಗಾಡಿ ಸಾಲದ ಕಂತು ಬಾಕಿ, ಜಪ್ತಿ ಮಾಡ್ತಾರೆ' ಅನ್ನುತ್ತಾನೆ. ಡಿಪಾಸಿಟ್ ಮುರಿಯುತ್ತಾರೆ. ಗಾಡಿಗೆ ಕಂತೇ ಇರಲಿಲ್ಲ ಅಂತ ಆರು ತಿಂಗಳ ನಂತರ ಗೊತ್ತಾಗುತ್ತದೆ. ಅಕ್ಕನ ಮದುವೆಗೆ ಇಟ್ಟ ಪವನು ಚಿನ್ನ ಹೋಗುತ್ತದೆ. ಭಾವ ಜಾಮೀನು ಹಾಕಿರುತ್ತಾರೆ, ಅವರಿಗೆ ನೋಟೀಸು ಬರುತ್ತದೆ, ಅಕ್ಕನ ಸಂಸಾರದಲ್ಲಿ ಮಾತು ಬಿದ್ದು ಹೋಗುತ್ತದೆ.

ಇಲ್ಲಿರುವ ಕುಟುಂಬಶ್ರೀಯ ಅಕ್ಕಂದಿರಿಗೆ ಇನ್ನೊಂದು ವಿಷಯ ನನಗಿಂತ ಚೆನ್ನಾಗಿ ಗೊತ್ತು. ಹೆಂಡತಿಯ ಹೆಸರಿನಲ್ಲಿ ಗುಂಪಿನ ಸಾಲ. ಆಡು ಸಾಕುತ್ತೇನೆ, ಹೊಲಿಗೆ ಮೆಷಿನ್ ತೆಗೆಯುತ್ತೇನೆ ಅಂತ ಅರ್ಜಿ. ದುಡ್ಡು ಗಂಡನ ಫೋನಿಗೆ. ವಾರದ ಕೂಟದಲ್ಲಿ ಕಂತು ಕಟ್ಟಲಾಗದೆ ಆಕೆ ತಲೆ ತಗ್ಗಿಸಿ ಕೂರುತ್ತಾಳೆ, ಎರಡನೇ ವಾರ ಬರುವುದನ್ನೇ ನಿಲ್ಲಿಸುತ್ತಾಳೆ. ಅವಳ ಕಂತು ಉಳಿದವರ ಮೇಲೆ ಬೀಳುತ್ತದೆ. ಎಷ್ಟೋ ವರ್ಷದ ಸ್ನೇಹ ಅಲ್ಲಿಗೆ ಮುಗಿಯುತ್ತದೆ. ಹೀಗೆ ಒಂದು ಮನೆಯ ಜುಗಾರಿ ಇಡೀ ವಾರ್ಡಿನ ವಿಶ್ವಾಸವನ್ನು ತಿನ್ನುತ್ತದೆ. ಊರಿನ ಚಿಟ್ಟಿ, ಭಜನಾ ಮಂದಿರದ ಲೆಕ್ಕ, ಕ್ಲಬ್ಬಿನ ದುಡ್ಡು ಎಲ್ಲವೂ ಯಾರೋ ಒಬ್ಬನ ಮೇಲಿನ ನಂಬಿಕೆಯಲ್ಲಿ ನಡೆಯುವಂಥವು. ಒಮ್ಮೆ ಕೈ ಹಾಕಿದರೆ ಆಮೇಲೆ ಯಾರೂ ಯಾರನ್ನೂ ನಂಬುವುದಿಲ್ಲ. ಕಾಲೇಜಿನ ಹುಡುಗರಿಗೆ 'ನಿನ್ನ ಅಕೌಂಟು, ಎಟಿಎಂ ಕಾರ್ಡು ಕೊಡು, ಕಮಿಷನ್ ಕೊಡ್ತೇನೆ' ಅನ್ನುವವರೂ ಹುಟ್ಟಿಕೊಂಡಿದ್ದಾರೆ. ಜೂಜಿನ ದುಡ್ಡು, ಮೋಸದ ದುಡ್ಡು ಆ ಅಕೌಂಟಿನಲ್ಲಿ ಓಡುತ್ತದೆ. ಕೇಸು ಬೀಳುವುದು ಹುಡುಗನ ಮೇಲೆ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ಮಕ್ಕಳ ಬಗ್ಗೆ ಒಂದು ಮಾತು. ಅಪ್ಪ ಗೆದ್ದ ದಿನ ಬಿರಿಯಾನಿ, ಸೋತ ದಿನ ಪೆಟ್ಟು. ಯಾವ ದಿನ ಯಾವುದು ಅಂತ ಮಗುವಿಗೆ ಗೊತ್ತಿಲ್ಲ. ಅಪ್ಪನ ಬೈಕಿನ ಶಬ್ದದಲ್ಲೇ ಮನಸ್ಥಿತಿ ಅಂದಾಜು ಮಾಡಲು ಕಲಿಯುತ್ತದೆ. ಶಾಲೆಯಲ್ಲಿ ಪ್ರವಾಸಕ್ಕೆ ದುಡ್ಡು ಕೇಳಿದರೆ 'ನನಗೆ ಬಸ್ಸಿನಲ್ಲಿ ವಾಂತಿ ಬರ್ತದೆ, ನಾನು ಬರುವುದಿಲ್ಲ' ಅನ್ನುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಲು ಬಂದ ವಿಷಯ. ಸಾಲ ಹೊರಗೆ ಬಿದ್ದ ದಿನ ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಮೊದಲು ಬೈಗುಳ, ಅಳು. ಆಮೇಲೆ ಮರ್ಯಾದೆಯ ಪ್ರಶ್ನೆ. 'ಹೊರಗೆ ಗೊತ್ತಾಗುವುದು ಬೇಡ' ಅಂತ ಅಪ್ಪ ಜಾಗ ಅಡವಿಡುತ್ತಾರೆ, ಅಣ್ಣ ಗಲ್ಫಿನಿಂದ ಕಳಿಸುತ್ತಾನೆ, ಎಲ್ಲ ಸಾಲ ಒಂದೇ ದಿನ ತೀರಿಸುತ್ತಾರೆ. ಅವನಿಂದ ಒಂದು ಮಾತು ತೆಗೆದುಕೊಳ್ಳುತ್ತಾರೆ, ಇನ್ನು ಆಡುವುದಿಲ್ಲ ಅಂತ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದು ಮುಗಿಯುವುದಿಲ್ಲ. ಸಾಲ ಇಲ್ಲದ ಅವನ ಹೆಸರಿಗೆ ಮತ್ತೆ ಸಾಲ ಹುಟ್ಟುತ್ತದೆ. ಎರಡನೇ ಸಲದ ಮೊತ್ತ ಮೊದಲಿನದ್ದಕ್ಕಿಂತ ದೊಡ್ಡದಿರುತ್ತದೆ.

ನಮ್ಮದು ಯಕ್ಷಗಾನ, ತಾಳಮದ್ದಳೆಯ ಊರು. ಧರ್ಮರಾಯ ಪಗಡೆಯಲ್ಲಿ ಸೋತದ್ದು ಎಲ್ಲರಿಗೂ ಗೊತ್ತು. ತನ್ನನ್ನು ಮೊದಲು ಸೋತನೋ, ನನ್ನನ್ನು ಮೊದಲು ಸೋತನೋ ಅಂತ ದ್ರೌಪದಿ ಸಭೆಯಲ್ಲಿ ಕೇಳಿದ್ದರ ಮೇಲೆ ಇಡೀ ರಾತ್ರಿ ಅರ್ಥ ಹೇಳುವವರಿದ್ದಾರೆ. ಆಮೇಲೆ ಏನಾಯಿತು ಅನ್ನುವುದನ್ನು ಮಾತ್ರ ನಾವು ಬೇಗ ದಾಟಿಬಿಡುತ್ತೇವೆ. ಧೃತರಾಷ್ಟ್ರ ಸೋತದ್ದನ್ನೆಲ್ಲ ವಾಪಸ್ ಕೊಟ್ಟ. ರಾಜ್ಯ, ಐಶ್ವರ್ಯ, ತಮ್ಮಂದಿರು, ಎಲ್ಲ ಸಿಕ್ಕಿತು. ಇಂದ್ರಪ್ರಸ್ಥದ ದಾರಿ ಹಿಡಿದಾಗಿತ್ತು. ಮತ್ತೆ ಕರೆ ಬಂತು, ಮತ್ತೆ ಹೋಗಿ ಕೂತ. ವನವಾಸಕ್ಕೆ ಹೋದದ್ದು ಆ ಎರಡನೇ ಆಟದಲ್ಲಿ. ಧರ್ಮರಾಯನಂಥವನಿಗೇ ಸಾಲ ಮನ್ನಾ ಆದರೆ ಸಾಕಾಗಲಿಲ್ಲ ಅಂದ ಮೇಲೆ ನಮ್ಮ ಮನೆಯ ಹುಡುಗನಿಗೆ ಹೇಗೆ ಸಾಕಾದೀತು?

ಹಾಗಾದರೆ ಕಟ್ಟಬಾರದಾ ಅಂತ ಕೇಳುತ್ತೀರಿ. ಕಟ್ಟಬೇಕಾದದ್ದು ಕಟ್ಟಲೇಬೇಕು, ಆದರೆ ಮೊದಲ ದಿನವೇ ಅಲ್ಲ. ಮೊದಲು ಅವನನ್ನು ಕೂರಿಸಿ, ಊಟ ಹಾಕಿ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆಸಿ. ಬ್ಯಾಂಕು, ಚಿನ್ನದ ಚೀಟಿ, ಆ್ಯಪಿನ ಸಾಲ, ಗೆಳೆಯರ ಕೈಸಾಲ, ಬಡ್ಡಿಯವರದ್ದು. ಒಂದೇ ದಿನದಲ್ಲಿ ಪೂರ್ತಿ ಹೇಳುವುದಿಲ್ಲ, ಹತ್ತರಲ್ಲಿ ಮೂರು ಮುಚ್ಚಿಡುತ್ತಾರೆ. ಎರಡು ದಿನ ಬಿಟ್ಟು ಮತ್ತೆ ಕೂತು ಕೇಳಿ. ಹೊಡೆದರೆ, ನಾಲ್ಕು ಜನರೆದುರು ಮರ್ಯಾದೆ ತೆಗೆದರೆ ಆ ಮೂರು ಯಾವತ್ತೂ ಹೊರಗೆ ಬರುವುದಿಲ್ಲ. ಚಿನ್ನದ ಚೀಟಿಗಳ ಗಡುವು ಮೊದಲು ನೋಡಿ. ಏಲಂ ನೋಟೀಸು ಬಂದಿದ್ದರೆ ಬ್ಯಾಂಕಿಗೆ ಬಂದು ಮಾತಾಡಿ, ಬಡ್ಡಿ ಕಟ್ಟಿ ಮುಂದೆ ಹಾಕಲು ದಾರಿ ಇರುತ್ತದೆ. ಆ್ಯಪಿನವರು ಫೋಟೋ ತೋರಿಸಿ ಹೆದರಿಸಿದರೆ ಅವರಿಗೆ ದುಡ್ಡು ಕಳಿಸುವ ಮೊದಲು 1930ಕ್ಕೆ ಫೋನ್ ಮಾಡಿ, ಅದು ಸೈಬರ್ ದೂರಿನ ನಂಬರು. ಕಟ್ಟುವಾಗ ಅವನ ಕೈಗೆ ದುಡ್ಡು ಕೊಡಬೇಡಿ, ನೇರ ಸಾಲ ಕೊಟ್ಟವರಿಗೆ ಕೊಡಿ, ರಶೀದಿ ಇಟ್ಟುಕೊಳ್ಳಿ. ಸಾಧ್ಯವಾದಷ್ಟು ಅವನ ದುಡಿಮೆಯಿಂದಲೇ ಕಂತಾಗಿ ಹೋಗಲಿ, ವರ್ಷಗಟ್ಟಲೆ ಹಿಡಿದರೂ ಸರಿ.

ಮತ್ತೆ ಡಾಕ್ಟರು. ನಮ್ಮಲ್ಲಿ ಮಾನಸಿಕ ಡಾಕ್ಟರು ಅಂದ ಕೂಡಲೇ ಹಿಂಜರಿಕೆ. ಜುಗಾರಿಗೆ ಮದ್ದುಂಟಾ ಅಂತ ನಗುತ್ತಾರೆ. ಚಿಕಿತ್ಸೆ ಉಂಟು. ಯೋಚನೆಯ ದಾರಿಯನ್ನು ತಿದ್ದುವ ಕೌನ್ಸೆಲಿಂಗ್ ಮುಖ್ಯ. ತುಡಿತ ಜಾಸ್ತಿ ಇದ್ದರೆ ಕೆಲವರಿಗೆ ಮಾತ್ರೆಯೂ ಕೊಡುತ್ತಾರೆ. ಖಿನ್ನತೆ, ಕುಡಿತ ಜೊತೆಗಿದ್ದರೆ ಅದಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ಫೋನು-ಇಂಟರ್ನೆಟ್ಟಿನ ಚಟಕ್ಕೆ ಅಂತಲೇ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರಿಗೆ 14416, ಕೇಂದ್ರ ಸರಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೂ ಮಾತಾಡಬಹುದು. ಸಾಲ ಹೊರಗೆ ಬಿದ್ದ ಆ ಒಂದೆರಡು ದಿನ ಅವನನ್ನು ಒಬ್ಬನೇ ಬಿಡಬೇಡಿ. 'ನಾನಿಲ್ಲದಿದ್ದರೆ ಎಲ್ಲ ಸರಿ ಹೋಗ್ತದೆ' ಅನ್ನುವ ಹಾಗೆ ಮಾತಾಡಿದರೆ ಅದನ್ನು ನಾಟಕ ಅಂತ ತಿಳಿಯಬೇಡಿ. ಹತ್ತಿರ ಕೂತು ನೇರವಾಗಿ ಕೇಳಿ, ಅವನ ಎದುರೇ ಆ ನಂಬರಿಗೆ ಫೋನ್ ಮಾಡಿ. ದುಡ್ಡು ಮತ್ತೆ ದುಡಿಯಬಹುದು.

ಕಡೆಯಲ್ಲಿ ಒಬ್ಬರು ಅಕ್ಕ ಕೇಳಿದ ಪ್ರಶ್ನೆಯನ್ನು ಇಲ್ಲೇ ಸೇರಿಸುತ್ತೇನೆ. 'ನಮ್ಮ ಮನೆಯವರು ದೈವದ ಎದುರು ಆಣೆ ಹಾಕ್ತೇನೆ ಅಂತಾರೆ, ಬೇಕಾದ್ರೆ ಆಣೆಗೆ ಹೆಸರಾದ ಕಾನತ್ತೂರಿನ ದೈವಸ್ಥಾನಕ್ಕೇ ಬರ್ತೇನೆ ಅಂತಾರೆ. ಐವತ್ತು ಸಾವಿರ ಕೊಡು, ಇದೇ ಕೊನೆ ಅಂತಾರೆ. ಅದಕ್ಕೆ ಬೆಲೆ ಇಲ್ವಾ?'

ಬೆಲೆ ಉಂಟು ಅಕ್ಕ. ಆಣೆ ಹಾಕುವ ಹೊತ್ತಿಗೆ ಅವರು ಸುಳ್ಳು ಹೇಳುತ್ತಿರುವುದಿಲ್ಲ, ಮನಸಾರೆ ಹೇಳುತ್ತಿರುತ್ತಾರೆ. ಆದರೆ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಬೋನಸ್ ಕೊಡುತ್ತೇವೆ ಅಂತ ಮೆಸೇಜು ಬಂದಾಗ ಆಣೆಯೊಂದೇ ಇದ್ದರೆ ಸಾಲದು. ಆಣೆ ಇರಲಿ, ಅದರ ಜೊತೆಗೆ ಎಟಿಎಂ ಕಾರ್ಡು ನಿಮ್ಮ ಕೈಗೆ ಬರಲಿ. ಅವರ ಫೋನಿನಿಂದ ಜಿಪೇ, ಫೋನ್‌ಪೇ ತೆಗೆಸಿ. ಸಂಬಳ ಬೀಳುವ ಅಕೌಂಟನ್ನು ಇಬ್ಬರ ಸಹಿ ಬೇಕಾದ ಅಕೌಂಟು ಮಾಡಿಸಲು ಆಗುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿ. ನಿಮ್ಮ ಚಿನ್ನ, ಜಾಗದ ರೆಕಾರ್ಡು ಲಾಕರಿನಲ್ಲೋ ನಿಮ್ಮ ತವರಿನಲ್ಲೋ ಇರಲಿ. ಹೊಸ ಜಾಮೀನಿಗೆ ಯಾರೂ ಸಹಿ ಹಾಕುವುದು ಬೇಡ ಅಂತ ಅಣ್ಣ-ಭಾವಂದಿರಿಗೆ ನೀವೇ ಹೇಳಿ, ಗುಟ್ಟು ಮಾಡಬೇಡಿ. ಇಷ್ಟಕ್ಕೆ ಅವರು ಒಪ್ಪಿದರೆ ಆಣೆ ಮನಸ್ಸಿನಿಂದಲೇ ಬಂದದ್ದು ಅಂತ ನಂಬಿ. ಐವತ್ತು ಸಾವಿರದ ಮಾತು ಅದರ ನಂತರ. ಸೋಮವಾರ ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಹೋಗುವಾಗ ಸಾಲ ಬರೆದ ಆ ಕಾಗದವನ್ನೂ ತೆಗೆದುಕೊಂಡು ಹೋಗಿ, ಡಾಕ್ಟರು ಕೇಳುತ್ತಾರೆ.